ಯುದ್ಧದ ಲಾರಿಯು ಹೊಲಕ್ಕೆ ಬಂದ ಚರಿತ್ರೆ

ಮಹಾಯುದ್ಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಂಧಿಪತ್ರಕ್ಕೆ ಸಹಿ ಬಿದ್ದ ದಿನವೇ ಲೇಖನಿಯನ್ನು ಕೆಳಗಿಡುತ್ತಾರೆ. ಗೆದ್ದವರು ಯಾರು, ಸೋತವರು ಯಾರು, ಗಡಿಗಳು ಎಲ್ಲಿಂದ ಎಲ್ಲಿಗೆ ಸರಿದವು ಎಂಬಷ್ಟನ್ನು ಹೇಳಿದರೆ ಅವರ ಕೆಲಸ ಮುಗಿಯಿತು. ಆದರೆ ಯುದ್ಧವು ತನ್ನ ಹಿಂದೆ ಬಿಟ್ಟುಹೋಗುವ ಸಾಮಾನಿಗೂ ಒಂದು ಚರಿತ್ರೆಯುಂಟು. 1945ನೆಯ ಸೆಪ್ಟೆಂಬರ್ 2ರಂದು ಜಪಾನು ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದಾಗ, ಯೂರೋಪಿನಿಂದ ಬರ್ಮಾದವರೆಗೆ, ಈಜಿಪ್ಟಿನಿಂದ ಫಿಲಿಪೀನ್ ದ್ವೀಪಗಳವರೆಗೆ, ಲೆಕ್ಕಕ್ಕೆ ಸಿಕ್ಕದಷ್ಟು ಮೋಟಾರು ಲಾರಿಗಳು ಬಯಲುಗಳಲ್ಲಿ ಸಾಲುಗಟ್ಟಿ ನಿಂತಿದ್ದವು. ಜೀಪು ಎಂಬ ಸಣ್ಣ ಗಾಡಿಯನ್ನೇ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಸುಮಾರು 6,40,000 ಸಂಖ್ಯೆಯಲ್ಲಿ ಕಟ್ಟಿದ್ದವು. ಜನರಲ್ ಮೋಟಾರ್ಸ್ ಕಂಪೆನಿಯ ಎರಡೂವರೆ ಟನ್ನಿನ ಆರು ಚಕ್ರದೆಳೆತದ ಲಾರಿಗಳು ಐದೂವರೆ ಲಕ್ಷವನ್ನು ಮೀರಿದ್ದವು. ಕೆನಡಾ ದೇಶದ ಕಾರ್ಖಾನೆಗಳಿಂದ ಎಲ್ಲ ಬಗೆಯವೂ ಸೇರಿ ಎಂಟು ಲಕ್ಷದಷ್ಟು ಸೈನ್ಯದ ವಾಹನಗಳು ಹೊರಬಂದಿದ್ದವು. ಮುರಿದವು, ಸುಟ್ಟವು, ಮುಳುಗಿದವು ಕಳೆದರೂ ಉಳಿದದ್ದು ಬೆಟ್ಟದಷ್ಟಿತ್ತು.

ಅದೇ ಕಾಲಕ್ಕೆ ಜಗತ್ತಿನ ಕಣಜಗಳು ಬರಿದಾಗಿದ್ದವು. 1942ರಲ್ಲಿ ಬರ್ಮಾ ದೇಶವು ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದ ಕ್ಷಾಮವು ಲಕ್ಷಾಂತರ ಜನರನ್ನು ನುಂಗಿತು. 1946ರ ಹೊತ್ತಿಗೆ ದಕ್ಷಿಣ ಹಿಂದೂಸ್ಥಾನದಲ್ಲಿ ಮಳೆ ತಪ್ಪಿ, ಮನೆಮನೆಯಲ್ಲಿಯೂ ರೇಷನ್ ಚೀಟಿಯೇ ಪಂಚಾಂಗವಾಗಿತ್ತು. ಗೆದ್ದ ಬ್ರಿಟನ್ನಿನಲ್ಲಿಯೂ ರೊಟ್ಟಿಗೆ ಹಚ್ಚಲು ಕೊಬ್ಬಿನ ಪದಾರ್ಥ ಸಾಲದೆ ಜನರು ಬಳಲಿದ್ದರು. ಒಂದು ಕಡೆ ಕೆಲಸವಿಲ್ಲದ ಲಾರಿ, ಇನ್ನೊಂದು ಕಡೆ ಉಳುಮೆಯಿಲ್ಲದ ನೆಲ. ಇವೆರಡನ್ನೂ ಕೂಡಿಸಿದರೆ ಹಸಿವು ಹಿಂಗೀತು ಎಂಬ ಆಲೋಚನೆಯು ಅನೇಕ ದೇಶಗಳಲ್ಲಿ ಒಮ್ಮೆಗೇ ಮೂಡಿದುದರಲ್ಲಿ ಆಶ್ಚರ್ಯವಿಲ್ಲ. ಆ ಆಲೋಚನೆಯು ಕೆಲವು ಕಡೆ ಫಲಿಸಿತು, ಕೆಲವು ಕಡೆ ಕೋಟಿಗಟ್ಟಲೆ ಹಣವನ್ನು ಮಣ್ಣುಪಾಲು ಮಾಡಿತು. ಈ ಭೇದಕ್ಕೆ ಕಾರಣವೇನೆಂಬುದನ್ನು ವಿಚಾರಮಾಡುವುದೇ ಈ ಭಾಷಣದ ಉದ್ದೇಶ.

ಮೊದಲು ಆ ಲಾರಿಯ ವಿಶೇಷವನ್ನು ತಿಳಿಯಬೇಕು. ಪೇಟೆಯ ಸಾಮಾನ್ಯ ಲಾರಿಯಲ್ಲಿ ಎಂಜಿನ್ನಿನ ಬಲವು ಹಿಂದಿನ ಚಕ್ರಗಳಿಗೆ ಮಾತ್ರ ಹೋಗುತ್ತದೆ. ಮುಂದಿನ ಚಕ್ರಗಳು ದಾರಿ ತೋರಿಸುತ್ತವೆಯೇ ಹೊರತು ಎಳೆಯುವುದಿಲ್ಲ. ಹಿಂದಿನ ಚಕ್ರವು ಕೆಸರಿನಲ್ಲಿ ಹೂತು ಬರಿದೆ ತಿರುಗತೊಡಗಿದರೆ ಮುಂದಿನ ಚಕ್ರವು ಅದಕ್ಕೆ ಹೊರೆಯಾಗುತ್ತದೆ. ಗದ್ದೆಯ ಬದಿಯಲ್ಲಿ ಗಾಡಿ ಸಿಕ್ಕಿಬಿದ್ದಾಗ ಗಾಡಿಯವನು ಎತ್ತನ್ನು ಗದರಿಸುವುದರ ಜೊತೆಗೆ ತಾನೂ ಇಳಿದು ಗಾಲಿಗೆ ಕೈಕೊಟ್ಟು ತಿರುಗಿಸುತ್ತಾನಲ್ಲವೆ? ಸೈನ್ಯದ ಲಾರಿಯಲ್ಲಿ ಪ್ರತಿಯೊಂದು ಚಕ್ರಕ್ಕೂ ಹಾಗೆ ಕೈಕೊಡುವ ಏರ್ಪಾಡುಂಟು. ಎಂಜಿನ್ನಿನ ಬಲವು ಮುಂದಿನ ಅಚ್ಚಿಗೂ ಹರಿಯುತ್ತದೆ. ಇದಲ್ಲದೆ ಎರಡನೆಯದೊಂದು ಗೇರುಪೆಟ್ಟಿಗೆಯಿದ್ದು, ಅದನ್ನು ಹಾಕಿದಾಗ ವೇಗವು ತಗ್ಗಿ ಎಳೆತವು ಹೆಚ್ಚುತ್ತದೆ. ಗಾಡಿಯ ಹೊಟ್ಟೆಯು ನೆಲದಿಂದ ಎತ್ತರದಲ್ಲಿದ್ದು ಕಲ್ಲುಕೊರಕಲುಗಳನ್ನು ದಾಟುತ್ತದೆ. ಅನೇಕ ಲಾರಿಗಳ ಮೂತಿಯಲ್ಲಿ ಉಕ್ಕಿನ ಹಗ್ಗವನ್ನು ಸುತ್ತುವ ವಿಂಚೆಂಬ ರಾಟೆಯೊಂದಿರುತ್ತದೆ. ಆ ಹಗ್ಗವನ್ನು ಮುಂದಿನ ಮರಕ್ಕೆ ಕಟ್ಟಿ ಲಾರಿಯು ತನ್ನನ್ನು ತಾನೇ ಹೊಂಡದಿಂದ ಎಳೆದುಕೊಳ್ಳಬಲ್ಲದು.

ಈ ಉಪಾಯವನ್ನು ಬೆಳಕಿಗೆ ತಂದವರಲ್ಲಿ ಮುಖ್ಯರಾದ ಇಬ್ಬರು ದೊಡ್ಡ ಕಾರ್ಖಾನೆಯವರಲ್ಲ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಒಟ್ಟೋ ಜಾಕೊ ಮತ್ತು ವಿಲಿಯಂ ಬೆಸರ್‌ಡಿಕ್ ಎಂಬವರು ಯಂತ್ರ ರಿಪೇರಿಯ ಅಂಗಡಿಯೊಂದನ್ನು ನಡೆಸುತ್ತಿದ್ದರು. ಮುಂದಿನ ಅಚ್ಚಿಗೂ ಬಲವನ್ನು ಕೊಡುವ ಕೀಲನ್ನು 1908ರ ಸುಮಾರಿಗೆ ಅವರು ರೂಪಿಸಿದರು. ಅವರ ಅಂಗಡಿಯೇ ಬೆಳೆದು ಎಫ್.ಡಬ್ಲ್ಯೂ.ಡಿ. ಎಂಬ ಹೆಸರಿನ ಕಂಪೆನಿಯಾಯಿತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಆ ಮಾದರಿಯ ಮೂರು ಟನ್ನಿನ ಲಾರಿಗಳು ಸುಮಾರು 15,000 ತಯಾರಾದವು. ಅದೇ ಸಂಸ್ಥಾನದ ಕೆನೋಷಾ ಊರಿನಲ್ಲಿ ತಯಾರಾದ ಜೆಫರಿ ಕ್ವಾಡ್ ಎಂಬ ಇನ್ನೊಂದು ಲಾರಿಯು ನಾಲ್ಕು ಚಕ್ರಗಳಿಂದ ಎಳೆಯುವುದಲ್ಲದೆ ನಾಲ್ಕು ಚಕ್ರಗಳನ್ನೂ ತಿರುಗಿಸಿ ಹೊರಳುತ್ತಿತ್ತು. ರಿಪೇರಿಯ ಅಂಗಡಿಯಲ್ಲಿ ಹುಟ್ಟಿದ ವಿದ್ಯೆಯು ರಣರಂಗಕ್ಕೆ ಹೋಯಿತೆಂಬ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದು ರಣರಂಗದಿಂದ ಹಿಂದಿರುಗಿದಾಗಲೂ ರಿಪೇರಿಯ ಅಂಗಡಿಯೇ ಅದರ ಯೋಗಕ್ಷೇಮವನ್ನು ನಿರ್ಣಯಿಸಿತು.

1918ರಲ್ಲಿ ಆ ಯುದ್ಧವು ಮುಗಿದಾಗ ಮಿಕ್ಕ ಲಾರಿಗಳ ಪ್ರಶ್ನೆಯು ಮೊದಲ ಬಾರಿಗೆ ಎದುರಾಯಿತು. ಅಮೆರಿಕದಲ್ಲಿ ಅದಕ್ಕೆ ದೊರೆತ ಉತ್ತರವು ಬಹಳ ವಿವೇಕದ್ದು. ಆ ದೇಶದಲ್ಲಿ ರಸ್ತೆಗಳ ಕೇಂದ್ರ ಕಚೇರಿಯು ಆಗ ವ್ಯವಸಾಯದ ಇಲಾಖೆಗೆ ಸೇರಿದ್ದಿತು. 1919ರ ಕಾನೂನಿನಂತೆ ಸೈನ್ಯದ ಹೆಚ್ಚುವರಿ ಲಾರಿಗಳು ಸಾವಿರಗಟ್ಟಲೆಯಾಗಿ ಆ ಇಲಾಖೆಯ ಮೂಲಕ ಸಂಸ್ಥಾನಗಳ ರಸ್ತೆ ಕಚೇರಿಗಳಿಗೆ ಹಂಚಿಹೋದವು. ಅವು ಜಲ್ಲಿ ಹೊತ್ತವು, ನೆಲ ಸಮಮಾಡುವ ಹಲಗೆಗಳನ್ನು ಎಳೆದವು, ಚಳಿಗಾಲದಲ್ಲಿ ದಾರಿಗೆ ಬಿದ್ದ ಹಿಮವನ್ನು ತಳ್ಳಿದವು. ಹೊಲವನ್ನು ಉಳಲು ಆ ಲಾರಿಗಳನ್ನು ಇಳಿಸಲಿಲ್ಲ. ಹೊಲದಿಂದ ಸಂತೆಗೆ ಹೋಗುವ ದಾರಿಯನ್ನು ಅವುಗಳಿಂದ ಮಾಡಿಸಿದರು. ಕೊಳೆತುಹೋಗುತ್ತಿದ್ದ ಬೆಳೆಯು ಸಂತೆಗೆ ಮುಟ್ಟುವಂತಾದರೆ ಅದೂ ಬೆಳೆಯನ್ನು ಹೆಚ್ಚಿಸಿದಂತೆಯೇ ಸರಿ. ಲಾರಿಗಳು ಒಂದೊಂದು ಕಚೇರಿಯ ವಶದಲ್ಲಿ ಗುಂಪಾಗಿದ್ದುದರಿಂದ ಅಲ್ಲಿಯೇ ರಿಪೇರಿಯೂ ಸಾಧ್ಯವಾಯಿತು. ಹತ್ತು ಲಾರಿ ಕೆಟ್ಟರೆ ಎರಡನ್ನು ಬಿಚ್ಚಿ ಎಂಟನ್ನು ನಡೆಸಬಹುದು. ಒಬ್ಬ ಬೇಸಾಯಗಾರನ ಕೊಟ್ಟಿಗೆಯಲ್ಲಿ ಒಂಟಿಯಾಗಿ ನಿಂತ ಲಾರಿಗೆ ಆ ಅನುಕೂಲವಿಲ್ಲ.

ಇಂಗ್ಲೆಂಡಿನಲ್ಲಿ ನಡೆದುದು ಬೇರೊಂದು ಬಗೆ. ಲಂಡನ್ನಿಗೆ ಪಶ್ಚಿಮದಲ್ಲಿರುವ ಸ್ಲೌ ಎಂಬ ಊರಿನ ಬಳಿ ಸೈನ್ಯದ ಮೋಟಾರುಗಳ ರಿಪೇರಿಗಾಗಿ ವಿಸ್ತಾರವಾದ ಒಂದು ಡಿಪೋವನ್ನು ಕಟ್ಟತೊಡಗಿದ್ದರು. ಅದು ಪೂರ್ತಿಯಾಗುವುದರೊಳಗೆ ಯುದ್ಧವೇ ಮುಗಿಯಿತು. ಕೆಟ್ಟ ಲಾರಿಗಳು ರಾಶಿರಾಶಿಯಾಗಿ ಬಂದು ಬಿದ್ದುದರಿಂದ ಸುತ್ತಲಿನ ಜನರು ಆ ಸ್ಥಳವನ್ನು ಕಸದ ಗುಡ್ಡೆಯೆಂದು ಹಾಸ್ಯಮಾಡಿದರು. 1920ರಲ್ಲಿ ಕೆಲವು ವ್ಯಾಪಾರಿಗಳು ಕೂಡಿ ಭೂಮಿ, ಕಟ್ಟಡ, ಲಾರಿಗಳೆಲ್ಲವನ್ನೂ 70 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಸರ್ಕಾರದಿಂದ ಕೊಂಡರು. ಅವರು ಮಾಡಿದ ಬುದ್ಧಿವಂತಿಕೆಯ ಕೆಲಸವೆಂದರೆ, ಲಾರಿಗಳನ್ನು ಇದ್ದಂತೆಯೇ ಮಾರದೆ ರಿಪೇರಿ ಮಾಡಿ ಮಾರಿದುದು. ಕೆಲವು ವರ್ಷಗಳಲ್ಲಿ ಲಾರಿಗಳು ತೀರಿದವು. ರಿಪೇರಿಗಾಗಿ ಎದ್ದ ಕಟ್ಟಡಗಳು ಮಾತ್ರ ಉಳಿದು, ಬೇರೆಬೇರೆ ಕಾರ್ಖಾನೆಗಳಿಗೆ ಬಾಡಿಗೆಗೆ ಹೋಗಿ, ಒಂದು ದೊಡ್ಡ ಕೈಗಾರಿಕಾ ವಸಾಹತಾಯಿತು. ಲಾರಿಗಿಂತ ಲಾರಿಯನ್ನು ಸರಿಪಡಿಸುವ ಸ್ಥಳಕ್ಕೆ ಆಯುಸ್ಸು ಹೆಚ್ಚೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಎರಡನೆಯ ಮಹಾಯುದ್ಧವು ಮುಗಿಯುವ ಮೊದಲೇ, 1944ರ ಅಕ್ಟೋಬರಿನಲ್ಲಿ, ಅಮೆರಿಕವು ಹೆಚ್ಚುವರಿ ಆಸ್ತಿಯ ವಿಲೇವಾರಿಗೆ ಒಂದು ಕಾನೂನನ್ನು ಮಾಡಿತು. ಯುದ್ಧದಿಂದ ಹಿಂದಿರುಗಿದ ಸಿಪಾಯಿಗಳಿಗೆ ಕೊಳ್ಳುವುದರಲ್ಲಿ ಮನ್ನಣೆ ದೊರೆಯಿತು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಹೊಸ ಜೀಪು 50 ಡಾಲರಿಗೆ ಸಿಕ್ಕುವುದೆಂಬ ಸುದ್ದಿಯು ಬಾಯಿಂದ ಬಾಯಿಗೆ ಹಬ್ಬಿ, ಹಲವು ವರ್ಷಗಳ ಕಾಲ ಜನರನ್ನು ಮರುಳುಮಾಡಿತು. ಅಂತಹ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋದವರಿಗೆ ಸಿಕ್ಕಿದುದು ಬಹುಮಟ್ಟಿಗೆ ಸವೆದ ಗೇರು, ತುಕ್ಕು ಹಿಡಿದ ತಳ, ಒಣಗಿ ಬಿರಿದ ಟೈರು. ಆದರೂ ಸಾವಿರಾರು ಬೇಸಾಯಗಾರರು ಈ ಗಾಡಿಗಳನ್ನು ಕೊಂಡರು. ಕೊಂಡ ಮೇಲೆ ಅನುಭವವು ಅವರಿಗೆ ಪಾಠ ಹೇಳತೊಡಗಿತು.

ಮೊದಲನೆಯ ಪಾಠವು ಉಳುಮೆಯದು. ನೇಗಿಲನ್ನು ಎಳೆಯುವ ಯಂತ್ರವು ಗಂಟೆಗೆ ಮೂರು ನಾಲ್ಕು ಮೈಲಿಯ ನಡಿಗೆಯಲ್ಲಿ ಇಡೀ ದಿನ ಪೂರ್ಣಬಲದಿಂದ ದುಡಿಯಬೇಕು. ಲಾರಿಯಾದರೋ ದಾರಿಯಲ್ಲಿ ಓಡಲು ಹುಟ್ಟಿದುದು. ಓಡುವಾಗ ಎದುರುಗಾಳಿಯು ಅದರ ಎಂಜಿನ್ನನ್ನು ತಂಪಾಗಿಡುತ್ತದೆ. ಸಾಲಿನಲ್ಲಿ ತೆವಳುವಾಗ ಆ ಗಾಳಿಯಿಲ್ಲದೆ ನೀರು ಕುದಿಯುತ್ತದೆ. ಜನರಲ್ ಮೋಟಾರ್ಸಿನ ಆ ಲಾರಿಯು ಹೊರೆಯಿಲ್ಲದೆಯೇ ನಾಲ್ಕೂವರೆ ಟನ್ನಿನಷ್ಟು ತೂಗುತ್ತಿತ್ತು. ಅಷ್ಟು ಭಾರವು ಹಸಿ ನೆಲದ ಮೇಲೆ ಹತ್ತಾರು ಬಾರಿ ಓಡಾಡಿದರೆ ಮಣ್ಣು ಗಟ್ಟಿಯಾಗಿ, ಉತ್ತ ಪ್ರಯೋಜನವೇ ಹಾಳಾಗುತ್ತದೆ. ಸೈನ್ಯದ ಟೈರಿನ ಹಲ್ಲುಗಳು ಮುಂದಕ್ಕೂ ಹಿಂದಕ್ಕೂ ಒಂದೇ ಸಮನಾಗಿ ಹಿಡಿಯುವಂತೆ ನೆಟ್ಟಗೆ ಕೊರೆದವು. ಟ್ರಾಕ್ಟರಿನ ಟೈರಿನಲ್ಲಿರುವ ಓರೆಪಟ್ಟಿಗಳಂತೆ ಅವು ಮಣ್ಣನ್ನು ಹೊರಕ್ಕೆ ಚೆಲ್ಲುವುದಿಲ್ಲವಾದುದರಿಂದ, ಜಿಗುಟು ನೆಲದಲ್ಲಿ ಹಲ್ಲುಗಳ ಸಂದು ತುಂಬಿ ಚಕ್ರವು ನುಣುಪಾಗಿಬಿಡುತ್ತದೆ. ಒಟ್ಟಿನಲ್ಲಿ, ಹೊಂಡದಿಂದ ಮೇಲೇಳುವ ಬಲವೂ ದಿನವಿಡೀ ನೇಗಿಲೆಳೆಯುವ ಬಲವೂ ಒಂದೇ ಅಲ್ಲ. ಜಟ್ಟಿಯೂ ಬಲಶಾಲಿಯೇ, ಹೊಲದಾಳೂ ಬಲಶಾಲಿಯೇ. ಆದರೆ ಜಟ್ಟಿಯನ್ನು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಕಳೆ ಕೀಳಲು ಬಿಟ್ಟರೆ ಇಬ್ಬರ ವ್ಯತ್ಯಾಸವೂ ಗೊತ್ತಾಗುತ್ತದೆ.

ಎರಡನೆಯ ಪಾಠವು ಸಂತೋಷದ್ದು. ಉಳುಮೆಗೆ ಒದಗದ ಲಾರಿಯು ಬೇಸಾಯದ ಇತರ ಕೆಲಸಗಳಿಗೆ ಅಮೋಘವಾಗಿ ಒದಗಿತು. ಬಂಡಿಜಾಡಿಲ್ಲದ ಹೊಲದ ನಡುವಿನಿಂದ ಬೆಳೆಯನ್ನು ಹೊತ್ತು ತರುವುದು, ನೀರಿನ ಪೀಪಾಯಿಗಳನ್ನು ಸಾಗಿಸುವುದು, ಬಾವಿ ಕೊರೆಯುವ ಯಂತ್ರಕ್ಕೆ ತಳಹದಿಯಾಗುವುದು, ಮರದ ಬೊಡ್ಡೆಗಳನ್ನು ಬೇರುಸಹಿತ ಕೀಳುವುದು, ಕಾಡಿನಿಂದ ದಿಮ್ಮಿಗಳನ್ನು ಎಳೆಯುವುದು, ಇವುಗಳಲ್ಲಿ ಅದಕ್ಕೆ ಸಮನಿಲ್ಲ. ಬ್ರಿಟನ್ನಿನ ಎ.ಇ.ಸಿ. ಕಂಪೆನಿಯು ಯುದ್ಧಕಾಲದಲ್ಲಿ ಫಿರಂಗಿಗಳನ್ನು ಎಳೆಯಲು ಮ್ಯಾಟಡಾರ್ ಎಂಬ ನಾಲ್ಕು ಚಕ್ರದೆಳೆತದ ಡೀಸೆಲ್ ಗಾಡಿಗಳನ್ನು ಒಂಬತ್ತು ಸಾವಿರಕ್ಕೂ ಮೀರಿ ಕಟ್ಟಿತ್ತು. ಯುದ್ಧಾನಂತರ ಮರದ ವ್ಯಾಪಾರಿಗಳು ಅವನ್ನು ಕೊಂಡು, ಹಿಂಬದಿಯಲ್ಲಿ ಉಕ್ಕಿನ ತೊಲೆಯ ಕೂಲಿಯೆತ್ತನ್ನು ನಿಲ್ಲಿಸಿದಂತೆ ಕ್ರೇನು ಜೋಡಿಸಿ, ಹಲವು ದಶಕಗಳ ಕಾಲ ಕಾಡುಗಳಲ್ಲಿ ದುಡಿಸಿಕೊಂಡರು. ಅದು ಅಷ್ಟು ದಿನ ಬಾಳಲು ಗಟ್ಟಿತನವೊಂದೇ ಕಾರಣವಲ್ಲ. ಅದೇ ಕಂಪೆನಿಯು ಬಸ್ಸುಗಳನ್ನೂ ಕಟ್ಟುತ್ತಿತ್ತು. ಆ ಬಸ್ಸುಗಳಲ್ಲಿಯೂ ಅದೇ ಕುಲದ ಎಂಜಿನ್ನುಗಳಿದ್ದವು. ಹೀಗಾಗಿ ಬಿಡಿಭಾಗವೂ, ಆ ಎಂಜಿನ್ನಿನ ಸ್ವಭಾವವನ್ನು ಬಲ್ಲ ಫಿಟ್ಟರೂ ಊರಿನಲ್ಲಿಯೇ ಸಿಕ್ಕುತ್ತಿದ್ದರು.

ಹಿಂದೂಸ್ಥಾನದಲ್ಲಿಯೂ ಹೀಗೆಯೇ ಆಯಿತು. ಅಸ್ಸಾಮಿನ ಲೀಡೋವಿನಿಂದ ಬರ್ಮಾದ ಕಾಡುಗಳನ್ನು ಹಾಯ್ದು ಚೀನಾಕ್ಕೆ ಹೋದ ರಸ್ತೆಯು 1945ರ ಜನವರಿಯಲ್ಲಿ ತೆರೆದಿತ್ತು. ಯುದ್ಧವು ಅದೇ ವರ್ಷ ಮುಗಿದುದರಿಂದ, ಆ ದಾರಿಗಾಗಿ ತಂದಿದ್ದ ಅಮೆರಿಕದ ಯಂತ್ರಸಾಮಗ್ರಿಯು ಈಶಾನ್ಯದಲ್ಲಿ ಗುಡ್ಡೆಬಿದ್ದಿತು. 1946ರ ಮೇ 16ರಂದು ಉಭಯ ಸರ್ಕಾರಗಳಿಗೂ ಆದ ಒಪ್ಪಂದದಂತೆ ಅಮೆರಿಕದ ಹೆಚ್ಚುವರಿ ಸಾಮಾನು ಹಿಂದೂಸ್ಥಾನ ಸರ್ಕಾರದ ವಶಕ್ಕೆ ಬಂದು, ಡಿಸ್ಪೋಸಲ್ಸ್ ಇಲಾಖೆಯ ಮೂಲಕ ಮಾರಾಟಕ್ಕೆ ಬಂದಿತು. ಡಿಸ್ಪೋಸಲ್ ಲಾರಿ ಎಂಬ ಮಾತು ಆಗ ನಮ್ಮ ಪೇಟೆಗಳಲ್ಲಿ ಮನೆಮಾತಾಯಿತು. ಯುದ್ಧಕಾಲದಲ್ಲಿ ಪೆಟ್ರೋಲು ಸಿಕ್ಕದೆ, ಹಿಂಬದಿಗೆ ಇದ್ದಲಿನ ಒಲೆಯನ್ನು ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಿದ ಬಸ್ಸುಗಳ ಮುಂದೆ ಈ ಲಾರಿಗಳು ಐರಾವತಗಳಂತೆ ಕಂಡುದು ಸಹಜ. ಇವುಗಳಲ್ಲಿ ಕೆನಡಾದ ಮಾದರಿಯವು ಷೆವರ್ಲೆ ಅಥವಾ ಫೋರ್ಡ್ ಎಂಜಿನ್ನನ್ನು ಹೊತ್ತಿದ್ದವು. ಜನರಲ್ ಮೋಟಾರ್ಸ್ ಕಂಪೆನಿಯು 1928ರಿಂದಲೇ ಬೊಂಬಾಯಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸುತ್ತಿದ್ದುದರಿಂದ, ಆ ಎಂಜಿನ್ನನ್ನು ಬಿಚ್ಚಿ ಕೂಡಿಸಬಲ್ಲ ಕೈಗಳು ಜಿಲ್ಲೆಯ ಊರುಗಳಲ್ಲಿಯೂ ಇದ್ದವು. ಪರಿಚಿತವಾದ ಎಂಜಿನ್ನಿನ ಲಾರಿಯು ಬದುಕಿತು. ಅಪರೂಪದ ಎಂಜಿನ್ನಿನದು ಎಷ್ಟೇ ಗಟ್ಟಿಯಾಗಿದ್ದರೂ ಒಂದು ವಾಷರಿಗಾಗಿ ನಿಂತು, ಕೊನೆಗೆ ಗುಜರಿಯ ತೂಕಕ್ಕೆ ಹೋಯಿತು.

ಇನ್ನು ದೊಡ್ಡ ಪ್ರಮಾಣದಲ್ಲಿ, ಸರ್ಕಾರಗಳೇ ಮುಂದೆ ನಿಂತು ಮಾಡಿದ ಎರಡು ಪ್ರಯತ್ನಗಳನ್ನು ಹೋಲಿಸಿ ನೋಡೋಣ. ಇವೆರಡರಲ್ಲಿಯೂ ಲಾರಿಯ ಜೊತೆಗೆ ಅದರ ದಾಯಾದಿಯಾದ ಟ್ರಾಕ್ಟರೂ ಇದ್ದಿತು. ಎರಡೂ ಅದೇ ಸೈನ್ಯದ ಗುಡ್ಡೆಗಳಿಂದ ಬಂದವು.

ಮೊದಲನೆಯದು ಪೂರ್ವ ಆಫ್ರಿಕದ ಟಾಂಗನೀಕದಲ್ಲಿ, ಎಂದರೆ ಇಂದಿನ ಟಾಂಜಾನಿಯದಲ್ಲಿ ನಡೆಯಿತು. ಬ್ರಿಟನ್ನಿನ ಕೊಬ್ಬಿನ ಕೊರತೆಯನ್ನು ನೀಗಲು ಅಲ್ಲಿ ಕಡಲೆಕಾಯಿಯನ್ನು ಬೆಳೆಯಬಹುದೆಂದು 1946ರಲ್ಲಿ ಯುನೈಟೆಡ್ ಆಫ್ರಿಕ ಕಂಪೆನಿಯ ಫ್ರಾಂಕ್ ಸ್ಯಾಮ್ಯುಯೆಲ್ ಸೂಚಿಸಿದನು. ಜಾನ್ ವೇಕ್‌ಫೀಲ್ಡ್ ಎಂಬವನ ನೇತೃತ್ವದ ನಿಯೋಗವು ಹೋಗಿ ನೋಡಿಬಂದು ಆಗಬಹುದೆಂದಿತು. ಯೋಜನೆಯ ಗಾತ್ರವು 32 ಲಕ್ಷ ಎಕರೆಯನ್ನು ಮೀರಿತ್ತು. ಮೊದಲನೆಯ ವರ್ಷದಲ್ಲಿಯೇ 1,50,000 ಎಕರೆಯನ್ನು ಕಡಿದು ಹಸನುಮಾಡಬೇಕೆಂದು ಗೊತ್ತುಮಾಡಿದರು. ಹೊಸ ಯಂತ್ರಗಳು ಸಿಕ್ಕದ ಕಾಲವಾದುದರಿಂದ ಈಜಿಪ್ಟು, ಫಿಲಿಪೀನ್ಸುಗಳಲ್ಲಿ ಸೈನ್ಯವು ಬಿಟ್ಟಿದ್ದ ಲಾರಿ ಟ್ರಾಕ್ಟರುಗಳನ್ನು ಕೊಂಡು ಹಡಗಿನಲ್ಲಿ ತಂದರು. ಷರ್ಮನ್ ಎಂಬ ಯುದ್ಧದ ಟ್ಯಾಂಕುಗಳನ್ನು ವಿಕರ್ಸ್ ಕಾರ್ಖಾನೆಯವರು ಟ್ರಾಕ್ಟರುಗಳನ್ನಾಗಿ ಮಾರ್ಪಡಿಸಿ, ಎರಡು ಹೆಸರುಗಳನ್ನೂ ಬೆಸೆದು ಷರ್ವಿಕ್ ಎಂದು ಕರೆದರು.

ಕೊಂಗ್ವ ಎಂಬ ಸ್ಥಳದಲ್ಲಿ 1947ರಲ್ಲಿ ಕೆಲಸ ಆರಂಭವಾಯಿತು. ಅಲ್ಲಿನ ಕುರುಚಲು ಕಾಡಿನ ಬೇರು ಉಕ್ಕಿನ ಹಲಗೆಗಳನ್ನು ಬಾಗಿಸಿತು. ನಮ್ಮ ಸವಣೂರಿನ ಮಠದ ಆವರಣದಲ್ಲಿ ದೊಡ್ಡಹುಣಸೆಯೆಂದು ಹೆಸರಾದ ಮರಗಳ ಜಾತಿಯ ಮಹಾವೃಕ್ಷಗಳು ದಾರಿಗಡ್ಡ ನಿಂತವು. ಮಳೆ ಬಿದ್ದಾಗ ಮೆತ್ತಗಾಗುತ್ತಿದ್ದ ಜೇಡಿಮಣ್ಣು ಬಿಸಿಲಿಗೆ ಸುಟ್ಟ ಇಟ್ಟಿಗೆಯಂತೆ ಗಟ್ಟಿಯಾಗಿ, ಬೆಳೆದ ಕಾಯಿಯನ್ನು ಕೀಳುವುದಕ್ಕೂ ಬಿಡಲಿಲ್ಲ. ಯಂತ್ರಗಳಾದರೋ ಬರುವಾಗಲೇ ಅರ್ಧ ಸವೆದಿದ್ದವು. ಹಲವು ಮಾದರಿಗಳು ಬೆರೆತಿದ್ದುದರಿಂದ ಒಂದರ ಭಾಗ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಬಿಡಿಭಾಗವು ಬರಬೇಕಾದ ಬಂದರಿನಿಂದ ಒಂಟಿ ಹಳಿಯ ರೈಲುದಾರಿಯೊಂದೇ ಗತಿ. ಯಂತ್ರ ನಡೆಸುವುದನ್ನು ಆಗತಾನೇ ಕಲಿತವರು ಸಾಕಷ್ಟಿದ್ದರು. ಅದನ್ನು ಕಾಪಾಡಬಲ್ಲವರು ಅತಿ ಕಡಿಮೆ. ಆ ವರ್ಷದೊಳಗೆ ಬಂದ ಟ್ರಾಕ್ಟರುಗಳಲ್ಲಿ ಬಹುಪಾಲು ಕೆಟ್ಟು ನಿಂತವು. 1,50,000 ಎಕರೆಯ ಬದಲಿಗೆ ಕೈಗೆ ಬಂದುದು ಸುಮಾರು 7,500 ಎಕರೆ. ಮಳೆಯ ಲೆಕ್ಕವೂ ಮಣ್ಣಿನ ಪರೀಕ್ಷೆಯೂ ತಪ್ಪಿದ್ದುದರಿಂದ, ಯಂತ್ರಗಳು ಸರಿಯಾಗಿದ್ದಿದ್ದರೂ ಫಲ ಬರುತ್ತಿತ್ತೆಂದು ಹೇಳಲಾಗದು. ಆದರೆ ಸೋಲನ್ನು ಅಷ್ಟು ಬೇಗನೆ ಬಯಲುಮಾಡಿದುದು ಆ ಗುಜರಿಯೇ. 1951ರ ಜನವರಿಯಲ್ಲಿ ಯೋಜನೆಯನ್ನು ಕೈಬಿಟ್ಟಾಗ ಸುಮಾರು 3 ಕೋಟಿ 60 ಲಕ್ಷ ಪೌಂಡುಗಳು ನಷ್ಟದ ಬಾಬಿಗೆ ಸೇರಿದ್ದವು.

ಎರಡನೆಯದು ನಮ್ಮ ದೇಶದ್ದು. ಮಧ್ಯಪ್ರಾಂತ, ಭೋಪಾಲ ಮೊದಲಾದ ಸೀಮೆಗಳ ಫಲವತ್ತಾದ ಕರಿಯ ಭೂಮಿಯಲ್ಲಿ ಕಾಶವೆಂಬ ಹುಲ್ಲು ದರ್ಭೆಯಂತೆ ಹಬ್ಬಿ, ಲಕ್ಷಾಂತರ ಎಕರೆಗಳನ್ನು ಬೇಸಾಯಕ್ಕೆ ಬಾರದಂತೆ ಮಾಡಿತ್ತು. ಹಿಂದೀ ಜನರು ಅದನ್ನು ಕಾಂಸ್ ಎನ್ನುತ್ತಾರೆ. ಅದರ ಬೇರುಗೆಡ್ಡೆಗಳು ಎತ್ತಿನ ನೇಗಿಲು ಮುಟ್ಟದ ಆಳದಲ್ಲಿ ಜಾಲವಾಗಿ ಹೆಣೆದುಕೊಂಡಿರುತ್ತವೆ. ಮೇಲಿನ ಹುಲ್ಲನ್ನು ಎಷ್ಟು ಕೊಯ್ದರೂ ಮತ್ತೆ ಚಿಗುರುತ್ತದೆ. 1947ರಲ್ಲಿ ಏರ್ಪಟ್ಟ ಕೇಂದ್ರ ಟ್ರಾಕ್ಟರ್ ಸಂಸ್ಥೆಯು ಅಮೆರಿಕದ ಸೈನ್ಯವು ಬಿಟ್ಟುಹೋದ ಸುಮಾರು 200 ಟ್ರಾಕ್ಟರುಗಳಿಂದ ಈ ಶತ್ರುವಿನ ಮೇಲೆ ದಂಡೆತ್ತಿತು. ಇಲ್ಲಿ ಕೆಲಸವು ಒಂದೇ: ಹಿಂಗಾರಿನ ಪೈರು ಎದ್ದ ಮೇಲೆ, ಮುಂಗಾರು ಇಳಿಯುವ ಮೊದಲು, ಒಂದಡಿಯಷ್ಟು ಆಳಕ್ಕೆ ಮಣ್ಣನ್ನು ಮಗುಚುವುದು. ಮೇಲೆ ಬಂದ ಗೆಡ್ಡೆಗಳನ್ನು ವೈಶಾಖದ ಬಿಸಿಲು ಒಣಗಿಸಿ ಕೊಲ್ಲುತ್ತದೆ. ಮನುಷ್ಯನು ಅರ್ಧ ಕೆಲಸ ಮಾಡಿದರೆ ಉಳಿದರ್ಧವನ್ನು ಸೂರ್ಯನೇ ಮಾಡುತ್ತಾನೆ. ಮಳೆ ಹಿಡಿದ ಮೇಲೆ ಆ ಎರೆಮಣ್ಣಿನಲ್ಲಿ ಯಂತ್ರವು ಇಳಿಯುವಂತಿಲ್ಲವಾದುದರಿಂದ, ಆ ತಿಂಗಳುಗಳು ರಿಪೇರಿಗೆ ಒದಗಿಬರುವ ಕಾಲ.

ಆದರೂ ಹಳೆಯ ಯಂತ್ರಗಳಿಂದಲೇ ದೂರ ಹೋಗಲಾಗದೆಂಬುದು ಬೇಗನೆ ಗೊತ್ತಾಯಿತು. 1949ರ ಸೆಪ್ಟೆಂಬರಿನಲ್ಲಿ ಹಿಂದೂಸ್ಥಾನವು ವಿಶ್ವಬ್ಯಾಂಕಿನಿಂದ ಹೊಸ ಟ್ರಾಕ್ಟರುಗಳಿಗಾಗಿ ಒಂದು ಕೋಟಿ ಡಾಲರು ಸಾಲವನ್ನು ಪಡೆಯಿತು. ಮಿಕ್ಕ ಯಂತ್ರವನ್ನು ಮೊದಲ ಮೆಟ್ಟಿಲಾಗಿ ಮಾತ್ರ ಎಣಿಸಿ, ಅದರಿಂದ ಕೆಲಸದ ರೀತಿಯನ್ನು ಕಲಿತು, ಅನಂತರ ಕೆಲಸಕ್ಕೆ ತಕ್ಕ ಹೊಸ ಯಂತ್ರಕ್ಕೆ ಹೋದುದು ಇಲ್ಲಿಯ ಜಾಣತನ. ಕೊಂಗ್ವದಲ್ಲಿ ಯಂತ್ರವು ದೊರೆಯಿತೆಂದು ಕೆಲಸವನ್ನು ಹಿಗ್ಗಿಸಿದರು. ಇಲ್ಲಿ ಕೆಲಸವನ್ನು ಗೊತ್ತುಮಾಡಿಕೊಂಡು ಯಂತ್ರವನ್ನು ಹಿಡಿದರು.

ಹೀಗೆ ಮಿಕ್ಕ ಗಾಡಿಯು ಗುರುವಾಗಿ ಹೊಸ ಗಾಡಿಗೆ ಜನ್ಮಕೊಟ್ಟ ಉದಾಹರಣೆಗಳು ಬೇರೆಡೆಗಳಲ್ಲಿಯೂ ಉಂಟು. ವಿಲ್ಲೀಸ್ ಕಂಪೆನಿಯವರು ಜೀಪಿನ ದೋಷಗಳನ್ನು ಹೊಲದಲ್ಲಿ ಕಂಡು, 1945ರಲ್ಲಿ ನಾಗರಿಕರಿಗಾಗಿ ಹೊಸ ಜೀಪನ್ನು ಹೊರಡಿಸಿದರು. ಅದರಲ್ಲಿ ಗೇರುಪೆಟ್ಟಿಗೆಯು ಗಟ್ಟಿಯಾಯಿತು. ಅಚ್ಚಿನ ಗೇರಿನ ಪ್ರಮಾಣವನ್ನು 4.88ರಿಂದ 5.38ಕ್ಕೆ ಏರಿಸಿ ನಡಿಗೆಯನ್ನು ನಿಧಾನಿಸಿ ಎಳೆತವನ್ನು ಹೆಚ್ಚಿಸಿದರು. ಹಿಂಬದಿಯಲ್ಲಿ ಇಳಿಸುವ ಬಾಗಿಲನ್ನೂ, ಎಂಜಿನ್ನಿನ ಬಲವನ್ನು ಹೊರಗಿನ ಯಂತ್ರಕ್ಕೆ ಕೊಡುವ ದಂಡವನ್ನು ಕೂಡಿಸುವ ಅನುಕೂಲವನ್ನೂ ಇಟ್ಟರು. ಡಾಡ್ಜ್ ಕಂಪೆನಿಯು 1946ರಲ್ಲಿ ತನ್ನ ಮುಕ್ಕಾಲು ಟನ್ನಿನ ಸೈನ್ಯದ ಗಾಡಿಯನ್ನೇ ತಿದ್ದಿ ಪವರ್ ವ್ಯಾಗನ್ ಎಂಬ ಹೆಸರಿನಿಂದ ರೈತರಿಗೂ ಕಾಡಿನ ಕೆಲಸದವರಿಗೂ ಮಾರಿತು.

ವೇಲ್ಸ್ ದೇಶದ ಆಂಗಲ್ಸೀ ದ್ವೀಪದಲ್ಲಿ ರೋವರ್ ಕಂಪೆನಿಯ ಮುಖ್ಯ ಎಂಜಿನಿಯರನಾದ ಮಾರಿಸ್ ವಿಲ್ಕ್ಸನಿಗೆ ಒಂದು ಜಮೀನಿದ್ದಿತು. ಅಲ್ಲಿ ಅವನು ಸೈನ್ಯದ ಹಳೆಯ ಜೀಪೊಂದನ್ನು ಬಳಸುತ್ತಿದ್ದನು. ಇದು ಸವೆದುಹೋದರೆ ಏನು ಮಾಡುವೆಯೆಂದು ಅಣ್ಣನಾದ ಸ್ಪೆನ್ಸರ್ ಕೇಳಲು, ಇಂಥದನ್ನೇ ಮತ್ತೊಂದು ಕೊಳ್ಳುವುದಲ್ಲದೆ ಬೇರೆ ದಾರಿಯಿಲ್ಲವೆಂದು ಅವನು ಹೇಳಿದನಂತೆ. ಆ ಮಾತಿನಿಂದಲೇ ಲ್ಯಾಂಡ್ ರೋವರ್ ಗಾಡಿಯು ಹುಟ್ಟಿತೆಂದು ಪ್ರತೀತಿ. 1947ರಲ್ಲಿ ಕಟ್ಟಿದ ಮೊದಲನೆಯ ಮಾದರಿಗೆ ಜೀಪಿನ ಚೌಕಟ್ಟನ್ನೇ ಬಳಸಿ, ಟ್ರಾಕ್ಟರಿನಂತೆ ನಡುವೆ ಸ್ಟಿಯರಿಂಗನ್ನು ಇಟ್ಟಿದ್ದರು. ಉಕ್ಕಿಗೆ ರೇಷನ್ ಇದ್ದುದರಿಂದ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದರು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿದ್ದಿತು. ಸೋತ ಜರ್ಮನಿಯಲ್ಲಿ ಆಲ್ಬರ್ಟ್ ಫ್ರೀಡ್ರಿಕ್ ಎಂಬ ಎಂಜಿನಿಯರನು ಯೂನಿಮಾಗ್ ಎಂಬ ಗಾಡಿಯನ್ನು ಕಲ್ಪಿಸಿದಾಗ, ಎರಡು ಚಕ್ರಗಳ ನಡುವಣ ಅಂತರವನ್ನು 1.27 ಮೀಟರು, ಎಂದರೆ ಆಲೂಗೆಡ್ಡೆಯ ಎರಡು ಸಾಲುಗಳಿಗೆ ಸರಿಯಾಗಿ ಇಟ್ಟನು. ಲಾರಿಯನ್ನು ಹೊಲಕ್ಕೆ ಒಗ್ಗಿಸದೆ, ಹೊಲದ ಸಾಲಿನಿಂದಲೇ ಗಾಡಿಯ ಅಳತೆಯನ್ನು ತೆಗೆದುದು ಇದರ ಹೆಚ್ಚಳ. ಅದೇ ಯೂನಿಮಾಗನ್ನು ಮುಂದೆ ಹಲವು ಸೈನ್ಯಗಳು ಕೊಂಡುವೆಂಬುದು ಕಾಲದ ವಿನೋದ.

ನಮ್ಮಲ್ಲಿಯೂ 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಮತ್ತು ಮಹಮ್ಮದ್ ಎಂಬ ಸಂಸ್ಥೆಯು, 1948ರಲ್ಲಿ ಮಹೀಂದ್ರ ಮತ್ತು ಮಹೀಂದ್ರವಾಗಿ, ವಿಲ್ಲೀಸ್ ಜೀಪುಗಳನ್ನು ಬೊಂಬಾಯಿಯಲ್ಲಿ ಜೋಡಿಸುವ ಕೆಲಸವನ್ನು ಕೈಗೊಂಡಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟದ ಏರುದಾರಿಗಳಲ್ಲಿ ಜೀಪು ಮನೆಯ ದನದಷ್ಟು ಪರಿಚಿತವಾದುದು ಹೀಗೆ. ಸೈನ್ಯದ ಗುಡ್ಡೆಯಿಂದ ಬಂದ ಮೊದಲ ಜೀಪುಗಳು ದಾರಿಯನ್ನು ತೋರಿಸಿದವು. ಬಿಡಿಭಾಗವೂ ರಿಪೇರಿಯೂ ದೇಶದಲ್ಲಿಯೇ ದೊರೆಯುವಂತಾದ ಮೇಲೆ ಅದು ಆ ನೆಲದಲ್ಲಿ ಬೇರೂರಿತು.

ಸೈನ್ಯಗಳು ಹಳೆಯ ಗಾಡಿಗಳನ್ನು ಹರಾಜು ಹಾಕುವ ಪದ್ಧತಿಯು ಇಂದಿಗೂ ನಿಂತಿಲ್ಲ. ಕಡಿಮೆ ಬೆಲೆಗೆ ಬಲವಾದ ಗಾಡಿ ಸಿಕ್ಕುವುದೆಂಬ ಆಸೆಯೂ ಹಳತಾಗಿಲ್ಲ. ಹಾಗೆ ಕೊಳ್ಳಹೋಗುವವರು ಈ ಚರಿತ್ರೆಯಿಂದ ನಾಲ್ಕು ಪ್ರಶ್ನೆಗಳನ್ನು ಕಲಿಯಬಹುದು. ಇದಕ್ಕೆ ನಾನು ಗೊತ್ತುಮಾಡಿರುವ ಕೆಲಸ ಯಾವುದು? ಇದರ ಬಿಡಿಭಾಗ ಎಷ್ಟು ದೂರದಲ್ಲಿದೆ? ಇದನ್ನು ಬಿಚ್ಚಿ ಕೂಡಿಸಬಲ್ಲವನು ಯಾವ ಊರಿನಲ್ಲಿದ್ದಾನೆ? ಇದು ಕುಡಿಯುವ ಎಣ್ಣೆಯ ಬೆಲೆಯನ್ನು ಇದು ಮಾಡುವ ಕೆಲಸವು ತೀರಿಸೀತೆ? ಕೊಂಡ ಬೆಲೆಯ ಪ್ರಶ್ನೆಯು ಐದನೆಯದು. ಅದನ್ನು ಮೊದಲು ಕೇಳಿದವರೇ ಬಹುಮಟ್ಟಿಗೆ ಕೆಟ್ಟವರು.

ನಮ್ಮ ಹಳ್ಳಿಯ ಕುಲುಮೆಯಲ್ಲಿ ಕತ್ತಿಯನ್ನೂ ನೇಗಿಲ ಗುಳವನ್ನೂ ಬಡಿಯುವ ಅಡಿಗಲ್ಲು ಒಂದೇ. ಹಳೆಯ ಕತ್ತಿಯನ್ನು ಹೊಲಕ್ಕೆ ಒಯ್ದು ನೆಟ್ಟ ಮಾತ್ರಕ್ಕೆ ಅದು ಗುಳವಾಗುವುದಿಲ್ಲ. ಅದನ್ನು ಮತ್ತೆ ಕಾಯಿಸಬೇಕು, ಬಡಿಯಬೇಕು, ಹೊಲದವನು ತೋರಿಸಿದ ಅಳತೆಗೆ ಬಾಗಿಸಬೇಕು. ಮೊನೆ ಸವೆದಾಗ ಮರಳಿ ತಂದು ಹರಿತಮಾಡಿಸಲು ಕುಲುಮೆಯು ಊರಿನಲ್ಲಿಯೇ ಇರಬೇಕು. ಯುದ್ಧದ ಲಾರಿಗಳಿಗೆ ಆದುದೂ ಇದೇ. ಕುಲುಮೆಯಿದ್ದ ಕಡೆ ಅವು ಅನ್ನವನ್ನು ಕೊಟ್ಟವು. ಕುಲುಮೆಯಿಲ್ಲದ ಕಡೆ, ಕೊಂಗ್ವದ ಬಿಸಿಲಿನಲ್ಲಿ, ತುಕ್ಕು ಹಿಡಿದು ನಿಂತವು.